ಏಳು ತಿಂಗಳನ್ನು ಆರು ವಾರ ಮಾಡಿದವಳು

ಇಪ್ಪತ್ತಾರು ವರ್ಷ ನಾನು ಮಾಡಿದ ಕೆಲಸ ಬೇರೆಯವರ ಮದುವೆಗಳನ್ನು ಕಾಗದದ ಮೇಲೆ ಜೋಡಿಸುವುದು. ಆಕ್ಲೆಂಡಿನಲ್ಲಿರುವ ಯಾರಾದರೂ ಫ್ರೆಂಚರನ್ನು ಮದುವೆಯಾಗಿ, ಆ ಮದುವೆಯ ಆಧಾರದ ಮೇಲೆ ಫ್ರೆಂಚ್ ಪೌರತ್ವಕ್ಕೆ ಅರ್ಜಿ ಹಾಕಬೇಕೆಂದರೆ ಜನನಪತ್ರ, ವಿವಾಹಪತ್ರ, ಪೊಲೀಸ್ ಪತ್ರ ಎಲ್ಲವನ್ನೂ ಫ್ರೆಂಚಿಗೆ ಅನುವಾದ ಮಾಡಿಸಬೇಕು. ಹಾಗೆ ಮಾಡಿ ಮುದ್ರೆ ಒತ್ತುವ ಅಧಿಕಾರವಿದ್ದವರ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಈಗ ಇಲ್ಲ. ಅದು ಹೇಗೆ ಹೋಯಿತು ಎಂಬುದನ್ನು ಈ ಕೆಲಸಕ್ಕೆ ಬರಬೇಕೆಂದಿರುವ ಹುಡುಗ ಹುಡುಗಿಯರಿಗೆ ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ. ಅವರು ಫೋನ್ ಮಾಡಿ, "ಆಂಟಿ, ಈ ಲೈನಲ್ಲಿ ಸ್ಕೋಪ್ ಹೇಗಿದೆ?" ಎಂದು ಕೇಳುತ್ತಿರುತ್ತಾರೆ. ಸ್ಕೋಪ್ ಇದೆ ಮಕ್ಕಳೇ, ಆದರೆ ಎದೆ ಗಟ್ಟಿ ಇರಬೇಕು.

ನಾನು ಫ್ರೆಂಚ್ ಕಲಿತದ್ದು ಧಾರವಾಡದಲ್ಲಿ, ಅದೂ ಸಾಹಿತ್ಯದ ಮೇಲಿನ ಪ್ರೀತಿಯಿಂದಲ್ಲ. ಪಿಯುಸಿಯಲ್ಲಿ ಫ್ರೆಂಚ್ ತೆಗೆದುಕೊಂಡರೆ ಮಾರ್ಕ್ಸ್ ಜಾಸ್ತಿ ಬರುತ್ತದೆ ಎಂದು ಯಾರೋ ನನ್ನ ಅಪ್ಪನ ಕಿವಿಯಲ್ಲಿ ಊದಿದ್ದರು. ಮಾರ್ಕ್ಸ್ ಬಂತು, ಮುಂದೆ ಎಂ.ಎ. ಕೂಡ ಆಯಿತು. ಆಮೇಲೆ ನನ್ನ ಯಜಮಾನರಿಗೆ ಆಕ್ಲೆಂಡಿನ ಈಸ್ಟ್ ತಮಾಕಿಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿತು, ನಾವು ಸ್ಯಾಂಡ್ರಿಂಗಮ್‌ನಲ್ಲಿ ಮನೆ ಮಾಡಿದೆವು. ಅಲ್ಲಿಂದ ಬಸ್ಸಿನಲ್ಲಿ ಊರೊಳಗೆ ಹೋಗಿ, ಮದಾಂ ಕ್ಲೇರ್ ಎಂಬ ಫ್ರೆಂಚ್ ಹೆಂಗಸಿನ ಎರಡು ಕೋಣೆಯ ಅನುವಾದ ಕಚೇರಿಯಲ್ಲಿ ಕೆಲಸಕ್ಕೆ ಸೇರಿದೆ.

ಮದಾಂ ಕ್ಲೇರ್ ತುಂಬ ಕಟ್ಟುನಿಟ್ಟು. ಒಂದು ಅಲ್ಪವಿರಾಮ ತಪ್ಪಿದರೆ ಇಡೀ ಪುಟ ಮತ್ತೆ ಟೈಪ್ ಮಾಡಿಸುತ್ತಿದ್ದರು. "ಅಧಿಕಾರಿ ಎಲ್ಲಿ ಬೆರಳಿಡಬೇಕು ಎಂದು ಹುಡುಕಬೇಕು, ಜಾಗ ಸಿಗಬಾರದು. ಅಂಥ ಫೈಲು ಮಾಡು," ಎನ್ನುತ್ತಿದ್ದರು. ಈ ಮಾತನ್ನು ನಾನು ವೇದವಾಕ್ಯದಂತೆ ಹಿಡಿದೆ. ಅವರು ಅನುವಾದದ ಬಗ್ಗೆ ಹೇಳಿದ್ದನ್ನು ನಾನು ಜನರ ಬಾಳಿಗೂ ಅನ್ವಯಿಸಿಕೊಂಡೆ ಎಂಬುದು ತಿಳಿಯುವಷ್ಟರಲ್ಲಿ ತಲೆ ಬೆಳ್ಳಗಾಗಿತ್ತು.

ಕಾನೂನು ಹೇಳುವುದು ಇಷ್ಟು. ಮದುವೆಯಾಗಿ ನಾಲ್ಕು ವರ್ಷ, ಕೆಲವರಿಗೆ ಐದು ವರ್ಷ ಕಳೆದಿರಬೇಕು. ಭಾಷೆಯ ಪರೀಕ್ಷೆ ಪಾಸಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮದುವೆಯ ದಿನದಿಂದ ಅರ್ಜಿಯ ದಿನದವರೆಗೆ ಗಂಡ ಹೆಂಡತಿ ಕಡಿಯದಂತೆ ಒಟ್ಟಿಗೆ ಬಾಳಿರಬೇಕು, ಮನಸ್ಸಿನಲ್ಲೂ ಮನೆಯಲ್ಲೂ. ಇಬ್ಬರೂ ವೆಲ್ಲಿಂಗ್ಟನ್ನಿನ ಫ್ರೆಂಚ್ ರಾಯಭಾರ ಕಚೇರಿಗೆ ಹೋಗಿ, ಹೌದು ಬಾಳಿದ್ದೇವೆ ಎಂದು ಅಧಿಕಾರಿಯ ಎದುರು ಸಹಿ ಹಾಕಬೇಕು.

ನಮ್ಮವರ ಕಾಗದಗಳ ಕಥೆ ಬೇರೆಯೇ. ಮೊದಲ ವರ್ಷವೇ ನನಗೆ ಒಂದು ಜನನಪತ್ರ ಬಂತು, ಶಿವಮೊಗ್ಗ ಕಡೆಯ ಹುಡುಗನದು. ಅಪ್ಪನ ಹೆಸರಿತ್ತು, ಅಮ್ಮನ ಹೆಸರಿತ್ತು, ಮಗುವಿನ ಹೆಸರಿನ ಜಾಗ ಖಾಲಿ. ನಾಮಕರಣಕ್ಕೆ ಮೊದಲೇ ನೋಂದಣಿ ಮಾಡಿಸಿ, ಹೆಸರು ಸೇರಿಸಲು ಆಮೇಲೆ ಯಾರೂ ಹೋಗಿರಲಿಲ್ಲ. ಹಾಗೇ ಅನುವಾದ ಮಾಡಿ ಕಳಿಸಿದೆ. "ಹುಟ್ಟಿದ್ದು ಯಾರು ಎಂದು ದಯವಿಟ್ಟು ತಿಳಿಸಿ," ಎಂದು ಕಚೇರಿಯಿಂದ ಉತ್ತರ ಬಂತು. ಮದಾಂ ಕ್ಲೇರ್ ಎರಡು ದಿನ ನನ್ನೊಡನೆ ಮಾತು ಬಿಟ್ಟರು. ಅಂದಿನಿಂದ ಖಾಲಿ ಜಾಗ, ತಾಳೆಯಾಗದ ತಾರೀಖು, ಎರಡೆರಡು ಇನಿಷಿಯಲ್ ಎಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮದಾಂ ಕ್ಲೇರ್ ತೀರಿಕೊಂಡ ಮೇಲೆ ನಾನು ಮನೆಯ ಊಟದ ಮೇಜಿನ ಮೇಲೇ ಕೆಲಸ ಮುಂದುವರಿಸಿದೆ. ನನಗೆ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ಆ ಕಾಲದಲ್ಲಿ. ಬೆಂಗಳೂರಿನಿಂದ ವಿದ್ಯಾರ್ಥಿಯಾಗಿ ಬಂದು ಇಲ್ಲೇ ನೆಲೆಸಿದ ಒಬ್ಬ ಹುಡುಗ, ಅವನ ಫ್ರೆಂಚ್ ಹೆಂಡತಿ. ಇಬ್ಬರೂ ಚಂದ, ಇಬ್ಬರೂ ಮರ್ಯಾದಸ್ಥರು. ತಂದ ಫೈಲು ನೋಡಿ ನನಗೆ ಕಣ್ಣು ತುಂಬಿ ಬಂತು. ತಿಂಗಳಿಗೊಂದರಂತೆ ಫೋಟೋ, ಇಬ್ಬರ ಹೆಸರಿನಲ್ಲೂ ಕರೆಂಟ್ ಬಿಲ್ಲು, ಬಾಡಿಗೆ ಪತ್ರ, ಒಂದಕ್ಕೂ ಸುಕ್ಕಿಲ್ಲ. ಬೆರಳಿಡಲು ಜಾಗವೇ ಇರಲಿಲ್ಲ. ಪೌರತ್ವ ಬಂದ ದಿನ ಅವನು ಮೈಸೂರು ಪಾಕಿನ ಡಬ್ಬ ತಂದುಕೊಟ್ಟ. ಮೂರು ವಾರದ ನಂತರ ಮತ್ತೆ ಬಂದು ಒಂದು ಕವರು ಮೇಜಿನ ಮೇಲಿಟ್ಟ.

"ಆಂಟಿ, ಇದನ್ನೂ ಸ್ವಲ್ಪ ಟ್ರಾನ್ಸ್‌ಲೇಟ್ ಮಾಡ್ಕೊಡಿ. ಅರ್ಜೆಂಟು."

ವಿಚ್ಛೇದನದ ಕಾಗದ. ಅದರಲ್ಲಿ ಇಬ್ಬರೂ ಎರಡು ವರ್ಷದಿಂದಲೇ ಬೇರೆ ಬೇರೆ ಮನೆಯಲ್ಲಿದ್ದೇವೆ ಎಂದು ಬರೆದುಕೊಂಡಿದ್ದರು. ನಾನು ಬಾಯಿ ಬಿಟ್ಟುಕೊಂಡು ಅವನನ್ನೇ ನೋಡಿದೆ. "ಹಂಗಾರ ಆ ಫೋಟೋ?" ಎಂದೆ. "ಅದೆಲ್ಲಾ ಒಂದೇ ವೀಕೆಂಡಲ್ಲಿ ಬಟ್ಟೆ ಬದಲಾಯಿಸಿ ಬದಲಾಯಿಸಿ ತೆಗ್ಸಿದ್ದು ಆಂಟಿ," ಎಂದು ನಕ್ಕ. ಅವನು ಕೊಟ್ಟ ಮೈಸೂರು ಪಾಕು ಅಡುಗೆಮನೆಯಲ್ಲಿ ಇನ್ನೂ ಅರ್ಧ ಉಳಿದಿತ್ತು. ಅವನು ಹೋದ ಮೇಲೆ ಅದನ್ನು ಡಬ್ಬದ ಸಮೇತ ಎಸೆದೆ.

ಅದರಿಂದ ನಾನು ಕಲಿಯಬೇಕಾದದ್ದು ಒಂದು, ಕಲಿತದ್ದು ಇನ್ನೊಂದು. ಸುಳ್ಳು ಮದುವೆಯೇ ಇಸ್ತ್ರಿ ಮಾಡಿಕೊಂಡು ಪಾಸಾಗುವುದಾದರೆ, ನಿಜವಾದ ಮದುವೆಗೂ ಸ್ವಲ್ಪ ಇಸ್ತ್ರಿ ಹಾಕುವುದರಲ್ಲಿ ತಪ್ಪೇನು ಎಂದುಕೊಂಡೆ. ಇಂಥ ಬುದ್ಧಿ ಬಂದಿದ್ದಾಗ ನನ್ನ ಮನೆಗೆ ಬಂದವಳು ಸುಮಾ.

ಸುಮಾ ಮೈಸೂರಿನವಳು, ಆಕ್ಲೆಂಡಿನ ದಕ್ಷಿಣಕ್ಕಿರುವ ಪಾಪಕುರಾದ ಕಡೆ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಗಂಡ ಲ್ಯೂಕ್ ನ್ಯೂ ಕ್ಯಾಲೆಡೋನಿಯಾದ ನುಮೇಯಾ ಪಟ್ಟಣದವನು. ಅದು ಇಲ್ಲಿಂದ ವಿಮಾನದಲ್ಲಿ ಮೂರು ಗಂಟೆ ದೂರದ ದ್ವೀಪ, ಆದರೆ ಫ್ರಾನ್ಸಿಗೆ ಸೇರಿದ್ದು. ಲ್ಯೂಕ್ ಈಸ್ಟ್ ತಮಾಕಿಯಲ್ಲಿ ಕೋಲ್ಡ್ ಸ್ಟೋರೇಜ್ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ. ಇಬ್ಬರೂ ಅವನ ಊರಿಗೆ ಹೋಗಿ ನೆಲೆಸಬೇಕೆಂದಿದ್ದರು. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಸುಮಾ ಕಾಯಂ ಶಿಕ್ಷಕಿಯಾಗಬೇಕಾದರೆ ಫ್ರೆಂಚ್ ಪೌರತ್ವ ಬೇಕಿತ್ತು. ಅದು ಬಂದರೆ ಭಾರತದ ಪಾಸ್‌ಪೋರ್ಟು ಹೋಗುತ್ತದೆ ಎಂದು ಅವಳು ಮೊದಲೇ ಒಂದು ವಾರ ಅತ್ತು ಮುಗಿಸಿದ್ದಳು.

ಅವಳು ತುಂಬಿ ತಂದ ಅರ್ಜಿಯಲ್ಲಿ, ಮದುವೆಯ ನಂತರ ವಾಸವಿದ್ದ ವಿಳಾಸಗಳು ಎಂಬಲ್ಲಿ ಹೀಗಿತ್ತು: ಪಾಪಕುರಾ, ಆಮೇಲೆ ಏಳು ತಿಂಗಳು ಮೈಸೂರು, ತಾಯಿಯ ಮನೆ, ಮತ್ತೆ ಪಾಪಕುರಾ. ನನ್ನ ಬೆರಳು ನೇರ ಅಲ್ಲಿಗೇ ಹೋಯಿತು.

"ಇದೇನವಾ ಇದು, ಏಳು ತಿಂಗಳಾ?"

"ಬಾಣಂತನ ಆಂಟಿ. ಮೀರಾ ಹುಟ್ಟಿದ್ದು ಮೈಸೂರಲ್ಲೇ. ಏಳನೇ ತಿಂಗಳಿಗೆ ಹೋದೆ, ಮಗುಗೆ ಐದು ತಿಂಗಳಾದ್ಮೇಲೆ ಬಂದೆ. ಅಮ್ಮ ಕಳಿಸ್ಲೇ ಇಲ್ಲ."

"ಲ್ಯೂಕ್ ಎಲ್ಲಿದ್ದ?"

"ಇಲ್ಲೇ. ಅವನಿಗೆ ಹತ್ತು ದಿನ ರಜೆ ಸಿಕ್ತು, ನಾಮಕರಣಕ್ಕೆ ಬಂದು ಹೋದ."

"ನಾ ಹೇಳ್ತೀನಿ ಕೇಳು. ಆ ಕಚೇರಿಯವರಿಗೆ ಬಾಣಂತನ ಅಂದ್ರ ಏನ್ ತಿಳೀತದ? ಗಂಡನ್ನ ಬಿಟ್ಟು ಹೋಗಿದ್ಲು ಅಂತ ಬರಕೋತಾರ. ಹೆರಿಗೆಗೆ ಹೋಗಿದ್ದೆ, ಆರು ವಾರ ಇದ್ದೆ ಅಂತ ಬರಿ. ಮುಗೀತು."

"ಇದ್ದಿದ್ದು ಹಾಗೇ ಬರೆದ್ರೆ ಏನಾಗುತ್ತೆ ಆಂಟಿ? ಪಾಸ್‌ಪೋರ್ಟಲ್ಲಿ ಸ್ಟ್ಯಾಂಪ್ ಇರುತ್ತಲ್ಲ?"

"ಅವರು ಮೊದಲನೇ ಪುಟದ್ದಷ್ಟ ಜೆರಾಕ್ಸ್ ಕೇಳ್ತಾರ. ಇಪ್ಪತ್ತು ವರ್ಷ ಆತು ನಾ ನೋಡಾಕತ್ತು."

ಅವಳು ಪೆನ್ನು ಹಿಡಿದು, ತಾನು ಬರೆದಿದ್ದನ್ನು ಇನ್ನೊಮ್ಮೆ ಓದಿದಳು. ಆಮೇಲೆ ನಾನು ಹೇಳಿದಂತೆ ತಿದ್ದಿ ಬರೆದಳು. ಲ್ಯೂಕ್ ಆ ಅರ್ಜಿಯನ್ನು ಓದದೇ ಸಹಿ ಹಾಕಿದನಂತೆ, ಹೆಂಡತಿ ತುಂಬಿದ್ದಾಳೆ ಎಂಬ ಒಂದೇ ನಂಬಿಕೆಯ ಮೇಲೆ.

ಆದರೆ ಅಷ್ಟರಲ್ಲಿ ಕಚೇರಿಯ ಕ್ರಮ ಬದಲಾಗಿತ್ತು. ಪಾಸ್‌ಪೋರ್ಟಿನ ಎಲ್ಲ ಪುಟಗಳನ್ನೂ ನೋಡುತ್ತಿದ್ದರು, ಗಂಡ ಹೆಂಡತಿಯನ್ನು ಬೇರೆ ಬೇರೆ ಕೂರಿಸಿ ಪ್ರಶ್ನೆ ಕೇಳುತ್ತಿದ್ದರು. ಹೊಸ ಸೂಚನೆಗಳ ಕಾಗದ ನನ್ನ ಇಮೇಲಿಗೆ ಬಂದು ಬಿದ್ದಿತ್ತು. ನನಗೆ ಗೊತ್ತಿಲ್ಲದ್ದು ಅದರಲ್ಲಿ ಏನಿರುತ್ತದೆ ಎಂದು ನಾನು ತೆರೆದಿರಲಿಲ್ಲ. ಹೊಸಬರೇ, ಇದನ್ನೊಂದು ಎರಡು ಸಲ ಓದಿಕೊಳ್ಳಿ.

ಸಂದರ್ಶನ ಹೇಗಾಯಿತು ಎಂದು ಫೋನಿನಲ್ಲಿ ಕೇಳಿದಾಗ ಸುಮಾ, "ಆಯ್ತು ಆಂಟಿ," ಎಂದಷ್ಟೇ ಹೇಳಿದಳು. ಕೆಲವು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ನಾನು ಒಗ್ಗರಣೆ ಹಾಕುತ್ತಿದ್ದಾಗ ಬಾಗಿಲು ಬಡಿದ ಸದ್ದಾಯಿತು. ಸುಮಾ ಎರಡೂವರೆ ವರ್ಷದ ಮೀರಾಳನ್ನು ಎತ್ತಿಕೊಂಡು ರೈಲು ಹತ್ತಿ, ಆಮೇಲೆ ಬಸ್ಸು ಹಿಡಿದು ಬಂದಿದ್ದಳು. ಕೈಯಲ್ಲಿ ಕಚೇರಿಯ ಪತ್ರ.

"ಆಂಟಿ, ಲ್ಯೂಕ್ ನಾಲ್ಕು ಗಂಟೆಗೆ ಮನೆಗೆ ಬರ್ತಾನೆ. ಅಷ್ಟರಲ್ಲಿ ಇದರಲ್ಲಿ ಏನಿದೆ ಅಂತ ನಂಗೆ ಸರಿಯಾಗಿ ಗೊತ್ತಾಗ್ಬೇಕು. ಅರ್ಥ ಆಗುತ್ತೆ, ಆದ್ರೂ ನೀವು ಓದಿ."

ಒಲೆ ಆರಿಸಿ ಕೂತು, ಓದುತ್ತ ಕನ್ನಡದಲ್ಲಿ ಹೇಳತೊಡಗಿದೆ. ಅರ್ಜಿ ತಿರಸ್ಕೃತವಾಗಿದೆ. ತಾಯಿಯ ಮನೆಯಲ್ಲಿ ಆರು ವಾರ ಇದ್ದೆ ಎಂದು ಅರ್ಜಿದಾರಳು ಬರೆದಿದ್ದಾಳೆ, ಸಂದರ್ಶನದಲ್ಲೂ ಹಾಗೆಯೇ ಹೇಳಿದ್ದಾಳೆ. ಏಳು ತಿಂಗಳು ಎಂದು ಪತಿ ಹೇಳಿದ್ದಾರೆ, ಪಾಸ್‌ಪೋರ್ಟಿನ ಮುದ್ರೆಗಳೂ ಅದನ್ನೇ ಹೇಳುತ್ತವೆ. ಬೇರೆಯಾಗಿದ್ದ ಕಾಲವನ್ನು ಮರೆಮಾಚಿದ್ದರಿಂದ ಇವರ ಸಹಬಾಳ್ವೆ ಸಾಬೀತಾಗಿಲ್ಲ.  ಮುಂದಿನ ಸಾಲನ್ನು ಮನಸ್ಸಿನಲ್ಲೇ ಎರಡು ಸಲ ಓದಿ ಆಮೇಲೆ ಹೇಳಿದೆ. ಹೀಗೆ ಉತ್ತರಿಸಲು ಯಾರಾದರೂ ಸಲಹೆ ಕೊಟ್ಟರೇ ಎಂದು ಕೇಳಿದಾಗ, ಯಾರೂ ಇಲ್ಲ, ನಾನೇ ಬರೆದದ್ದು ಎಂದು ಅರ್ಜಿದಾರಳು ಹೇಳಿದ್ದಾಳೆ.

"ಸುಮಾ, ಇದೇನಿದು?"

"ನಿಮ್ಮ ಹೆಸರು ಹೇಳಿದ್ರೆ ನಿಮ್ಮ ಕೆಲಸ ಹೋಗ್ತಿತ್ತು. ಈ ಅರ್ಜಿ ಹೋದ್ರೆ ಹೋಗ್ಲಿ ಬಿಡಿ ಆಂಟಿ. ಮತ್ತೆ ಅರ್ಜಿ ಹಾಕ್ಬಹುದು. ನಂಗೆ ಭಯ ಅದ್ರದ್ದಲ್ಲ, ಲ್ಯೂಕ್‌ದು. ಅವನಿಗೆ ನಾನು ಏನೂ ಹೇಳಿಲ್ಲ."

 ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ನಾನು ಒಂದೇ ಸುಳ್ಳು ಹೇಳಿಸಿ, ನಡೆಯುತ್ತಿದ್ದ ಮದುವೆಯನ್ನೇ ಮುರಿಯುವುದರಲ್ಲಿದ್ದೆ. ಆ ಹುಡುಗಿ ನನ್ನ ಮರ್ಯಾದೆ ಉಳಿಸಲು ತನ್ನದನ್ನು ಕಳೆದುಕೊಂಡು ಕೂತಿದ್ದಳು. ಮೀರಾ ನನ್ನ ಮುಖ ನೋಡಿ, "ಅಮ್ಮಾ, ಈಸ್ ಆಂಟಿ ಸ್ಯಾಡ್?" ಎಂದಳು. ನಾನು ಎದ್ದು ಚಪ್ಪಲಿ ಹಾಕಿಕೊಂಡೆ.

"ನಡಿ, ನಾನೂ ಬರ್ತೀನಿ. ನಾನ ಹೇಳ್ತೀನಿ ಅವಂಗ."

ನಾಲ್ಕು ಗಂಟೆಗೆ ಲ್ಯೂಕ್‌ನ ಯೂಟ್, ಇಲ್ಲಿನವರು ಓಡಿಸುವ ಸಣ್ಣ ಟ್ರಕ್ಕು, ಪಾಪಕುರಾದ ಅವರ ಮನೆಯ ಮುಂದೆ ಬಂದು ನಿಂತಿತು. ಹಿಂದೆ ಅವನ ಉಪಕರಣಗಳ ಪೆಟ್ಟಿಗೆಗಳಿದ್ದವು. ನನ್ನನ್ನು ನೋಡಿ, "ಓ, ಆಂಟಿ!" ಎಂದು ನಗುತ್ತ ಒಳಗೆ ಬಂದ. ಫ್ರೆಂಚಿನಲ್ಲಿ ಎಲ್ಲ ಹೇಳಿದೆ. ಮುಚ್ಚಿಡಲಿಲ್ಲ, ಮೆತ್ತಗೂ ಮಾಡಲಿಲ್ಲ. ಪತ್ರವನ್ನೂ ಕೊಟ್ಟೆ. ಅವನು ನಿಂತುಕೊಂಡೇ ಓದಿದ, ಮಡಚಿ ಮೇಜಿನ ಮೇಲಿಟ್ಟ, ಹೊರಗೆ ಹೋಗಿ ಯೂಟಿನ ಬಾಗಿಲು ತೆರೆದು ಒಬ್ಬನೇ ಕೂತ. ನಾನು ಕೂಗಾಡುತ್ತಾನೆ ಎಂದುಕೊಂಡಿದ್ದೆ. ಸುಮಾ ಅಕ್ಕಿ ತೊಳೆದಳು, ಮತ್ತೆ ತೊಳೆದಳು.

ಒಳಗೆ ಬಂದಾಗ ಅವನು ಸುಮಾಳಿಗೆ ನಿಧಾನವಾಗಿ ಹೇಳಿದ. ಅವನ ಫ್ರೆಂಚ್ ನನಗೆ ಇಂದಿಗೂ ಅಕ್ಷರ ಅಕ್ಷರ ನೆನಪಿದೆ.

"ನಿನ್ನನ್ನು ಕಳಿಸಿದ ದಿನವೇ ನನ್ನಮ್ಮ ಫೋನಿನಲ್ಲಿ ಕೇಳಿದಳು, ಅವಳು ಬಿಟ್ಟು ಹೋದಳಾ ಎಂದು. ಇಲ್ಲ, ಅದು ಅವರ ಪದ್ಧತಿ ಎಂದೆ. ಕೆಲಸದಲ್ಲಿ ಗೆಳೆಯರು ಚುಡಾಯಿಸಿದರು, ಅವರಿಗೂ ಹೇಳಿದೆ. ಪಕ್ಕದ ಮನೆಯವರಿಗೆ ಹೇಳಿದೆ. ಮಗಳು ಹುಟ್ಟಿದ್ದನ್ನು ಫೋನಿನಲ್ಲಿ ನೋಡಿದೆ. ಏಳು ತಿಂಗಳು ಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ಬಂದೆ, ನನ್ನ ಹೆಂಡತಿ ಬಿಟ್ಟು ಹೋಗಿಲ್ಲ, ಅವರಲ್ಲಿ ಹಾಗೆ ಎಂದು. ಈಗ ನೀನು ಆರು ವಾರ ಎನ್ನುತ್ತೀಯ. ಹಾಗಾದರೆ ನಾನು ಹೇಳಿದ್ದು ಏನು?"

 ಅವನು ನನ್ನ ಕಡೆ ತಿರುಗಿದ. "ಆಂಟಿ, ನಿಮ್ಮ ಮಗ ಎಲ್ಲಿ ಹುಟ್ಟಿದ?"

"ಧಾರವಾಡದಲ್ಲಿ," ಎಂದೆ. "ನನ್ನ ತಾಯಿಯ ಮನೆಯಲ್ಲಿ."

"ಎಷ್ಟು ತಿಂಗಳಿದ್ದಿರಿ?"

ಐದು ತಿಂಗಳು. ಯಜಮಾನರು ಆಗ ಹುಬ್ಬಳ್ಳಿಯಲ್ಲಿದ್ದರು, ಭಾನುವಾರ ಮಾತ್ರ ಬಸ್ಸಿನಲ್ಲಿ ಬಂದು ಮಗುವನ್ನು ನೋಡಿ ಹೋಗುತ್ತಿದ್ದರು. ನನ್ನ ಅವ್ವ ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ ಹಂಡೆಯ ಬಿಸಿನೀರು ಹೊಯ್ದು, ಸಾಂಬ್ರಾಣಿ ಹೊಗೆ ಹಾಕಿ, ನನ್ನನ್ನು ಮಗುವಿಗಿಂತ ಹೆಚ್ಚಾಗಿ ನೋಡಿಕೊಂಡಿದ್ದಳು. ನನ್ನ ಬಾಳಿನಲ್ಲಿ ಯಾರೂ ನನ್ನನ್ನು ಅಷ್ಟು ಚೆನ್ನಾಗಿ ನೋಡಿಕೊಂಡಿಲ್ಲ. ಅದನ್ನೇ ನಾನು ಒಂದು ಫ್ರೆಂಚ್ ಕಚೇರಿಯ ಎದುರು ಬಚ್ಚಿಡಬೇಕಾದ ಕೊಳೆ ಎಂದು ತಿಳಿದಿದ್ದೆ.  ನಾಚಿಕೆಯಿಂದ ಲ್ಯೂಕ್‌ನ ಮುಖ ನೋಡಲಾಗಲಿಲ್ಲ.

ಮರುದಿನ ಕಚೇರಿಗೆ ಪತ್ರ ಬರೆಯಲು ಕೂತೆ. ಮೊದಲ ಕರಡಿನಲ್ಲಿ ಸಂಸ್ಕೃತಿ, ಸಂದರ್ಭ ಎಂದೆಲ್ಲ ಬರೆದೆ, ಹರಿದೆ. ಎರಡನೆಯದರಲ್ಲಿ ಸಂವಹನದ ಕೊರತೆ ಎಂದು ಬರೆದೆ. ಅದೂ ಇಸ್ತ್ರಿಯೇ. ಹರಿದೆ. ಮೂರನೆಯದು ನಾಲ್ಕೇ ಸಾಲು: ಆರು ವಾರ ಎಂದು ಬರೆಯಲು ಹೇಳಿದವಳು ನಾನು; ಸತ್ಯ ಬರೆಯಬೇಕೆಂದು ಅವಳು ಬಯಸಿದ್ದಳು; ನನ್ನನ್ನು ಉಳಿಸಲು ಸಂದರ್ಶನದಲ್ಲಿ ನನ್ನ ಹೆಸರು ಹೇಳಲಿಲ್ಲ; ಶಿಕ್ಷೆ ನನಗಿರಲಿ. ಸಹಿ ಹಾಕಿ, ಕೊನೆಯ ಸಲ ಮುದ್ರೆ ಒತ್ತಿದೆ.

ಉತ್ತರ ಎರಡೇ ಸಾಲಿನಲ್ಲಿ ಬಂತು. ನನ್ನ ಹೆಸರನ್ನು ಪಟ್ಟಿಯಿಂದ ತೆಗೆಯಲಾಗಿದೆ, ಮುದ್ರೆಯನ್ನು ಹಿಂತಿರುಗಿಸಬೇಕು. ಎಚ್ಚರಿಕೆ ಕೊಟ್ಟು ಬಿಡಬಹುದು ಎಂದು ಒಳಗೊಳಗೆ ಆಸೆ ಇಟ್ಟುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. ಇಪ್ಪತ್ತಾರು ವರ್ಷಕ್ಕೆ ಎರಡು ಸಾಲು! ಮೇಜಿನ ಮುಂದೆ ಕೂತು ಗೊಳೋ ಎಂದು ಅತ್ತೆ. ಮಾಡಿದ್ದುಣ್ಣೋ ಮಹಾರಾಯ ಎಂದು ನನಗೆ ನಾನೇ ಹೇಳಿಕೊಂಡು, ಮುದ್ರೆಯನ್ನು ಹತ್ತಿಯಲ್ಲಿ ಸುತ್ತಿ ಅಂಚೆಗೆ ಹಾಕಿದೆ. ನನ್ನ ನಿವೃತ್ತಿಗೆ ಹಾರ, ಭಾಷಣ ಏನೂ ಆಗಲಿಲ್ಲ.

ಪಾಪಕುರಾದ ಮನೆಯಲ್ಲಿ ಮೂರು ವಾರ ಲ್ಯೂಕ್ ಹೆಂಡತಿಯೊಡನೆ ಬೇಕಾದಷ್ಟೇ ಮಾತಾಡಿದನಂತೆ. ಒಂದು ಭಾನುವಾರ ಸುಮಾ ತಾನೇ ನುಮೇಯಾಕ್ಕೆ ಅತ್ತೆಗೆ ಫೋನ್ ಹಚ್ಚಿ, ತನ್ನ ಪರೀಕ್ಷೆಯ ಫ್ರೆಂಚಿನಲ್ಲಿ ತಡವರಿಸುತ್ತ ಹೇಳಿದಳಂತೆ: "ನಿಮ್ಮ ಮಗ ಹೇಳಿದ್ದು ನಿಜ. ನಾನು ಏಳು ತಿಂಗಳು ಅಮ್ಮನ ಮನೆಯಲ್ಲಿದ್ದೆ, ಅದು ನಮ್ಮ ಪದ್ಧತಿ. ಕಚೇರಿಯಲ್ಲಿ ನಾನು ಸುಳ್ಳು ಹೇಳಿದೆ. ಅವನು ಹೇಳಲಿಲ್ಲ." ಲ್ಯೂಕ್ ಬಟ್ಟೆ ಒಣಹಾಕುತ್ತ ಕೇಳಿಸಿಕೊಂಡ. ಒಳಗೆ ಬಂದು ಅವಳ ಕೈಯಿಂದ ಫೋನ್ ತೆಗೆದುಕೊಂಡು, "ಅಮ್ಮಾ, ಆಮೇಲೆ ಮಾಡ್ತೀವಿ," ಎಂದು ಇಟ್ಟನಂತೆ. ಸುಮಾ ನನಗೆ ಇಷ್ಟೇ ಹೇಳಿದಳು, ಮುಂದಿನದನ್ನು ನಾನು ಕೇಳಲಿಲ್ಲ.

ಎರಡನೇ ಅರ್ಜಿಯನ್ನು ಅವರೇ ತುಂಬಿದರು, ಅನುವಾದ ಬೇರೆಯವರು ಮಾಡಿದರು. ಏಳು ತಿಂಗಳು ಏಳು ತಿಂಗಳಾಗಿಯೇ ಇತ್ತು. ಸಂದರ್ಶನದಲ್ಲಿ ಅದೇ ಅಧಿಕಾರಿ. ಏಳು ತಿಂಗಳು ಬೇರೆ ದೇಶದಲ್ಲಿದ್ದರೆ ಅದನ್ನು ಸಹಬಾಳ್ವೆ ಎನ್ನುವುದು ಹೇಗೆ ಎಂದು ಆಕೆ ಲ್ಯೂಕ್‌ನನ್ನು ಕೇಳಿದರಂತೆ. ಅವನು ಹೇಳಿದ್ದು ಇದು: "ಮೇಡಂ, ಅವಳ ಊರಿನಲ್ಲಿ ಹೆಂಡತಿಯನ್ನು ಹೆರಿಗೆಗೆ ತಾಯಿಯ ಮನೆಗೆ ಕಳಿಸುವ ಗಂಡನನ್ನು ಯಾರೂ ಅನುಮಾನಿಸುವುದಿಲ್ಲ. ಕಳಿಸದವನನ್ನು ಅನುಮಾನಿಸುತ್ತಾರೆ." ಅಧಿಕಾರಿ ಅದನ್ನು ಹಾಗೆಯೇ ಬರೆದುಕೊಂಡರಂತೆ.

ಪೌರತ್ವ ಬಂತು. ನುಮೇಯಾದ ಶಾಲೆಯಲ್ಲಿ ಕೆಲಸವೂ ಆಯಿತು. ಹೋದ ತಿಂಗಳು ಶಾಲೆಯ ರಜೆಯಲ್ಲಿ ಮೂವರೂ ಆಕ್ಲೆಂಡಿಗೆ ಬಂದವರು ನಮ್ಮ ಮನೆಗೆ ಊಟಕ್ಕೆ ಬಂದರು. ಸುಮಾ ಮತ್ತೆ ಬಸುರಿ. ಎರಡನೆಯ ಬಾಣಂತನವನ್ನೂ ನಾನೇ ಮಾಡುತ್ತೇನೆ ಎಂದು ಮೈಸೂರಿನಿಂದ ಅವಳ ತಾಯಿ ಪಟ್ಟು ಹಿಡಿದಿದ್ದರು. ಊಟವಾದ ಮೇಲೆ ಅವಳು ಲ್ಯಾಪ್‌ಟಾಪ್ ತೆರೆದು ನನ್ನ ಮುಂದಿಟ್ಟಳು. ಭಾರತಕ್ಕೆ ಹೋಗಲು ವೀಸಾ ಅರ್ಜಿ.

"ನೋಡಿ ಆಂಟಿ," ಎಂದಳು. "ಅಮ್ಮನ ಮನೆಗೆ ಹೋಗೋಕೆ ಪರ್ಮಿಷನ್ ಕೇಳ್ತಿದೀನಿ." ನಗುತ್ತಲೇ ಹೇಳಿದಳು, ಕಣ್ಣಲ್ಲಿ ಮಾತ್ರ ನೀರು ಬಂತು. ಆ ಹುಡುಗಿ ಏನನ್ನು ಕೊಟ್ಟು ಏನನ್ನು ಪಡೆದಳು ಎಂಬುದು ನನಗೆ ಆವತ್ತಿನವರೆಗೆ ಕಾಗದದ ಮೇಲಷ್ಟೇ ಗೊತ್ತಿತ್ತು.  ಕನ್ನಡಕ ಹಾಕಿಕೊಂಡು ಅರ್ಜಿ ತುಂಬತೊಡಗಿದೆ. ಭೇಟಿಯ ಉದ್ದೇಶ ಎಂಬಲ್ಲಿಗೆ ಬಂದಾಗ ನನ್ನ ಬಾಯಿಂದ ತಾನಾಗಿ ಬಂತು:

"ಪ್ರವಾಸ ಅಂತ ಹಾಕಿಬಿಡ್ಲೇನು? ಲಗೂನ ಆಗ್ತದ."

"ಆಂಟೀ!" ಎಂದ ಲ್ಯೂಕ್, ಮೀರಾಳ ತಟ್ಟೆ ತೊಳೆಯುತ್ತಿದ್ದವನು ತಿರುಗಿ. ಅವನಿಗೆ ಅಷ್ಟು ಕನ್ನಡ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ನಾನು ನಾಲಿಗೆ ಕಚ್ಚಿಕೊಂಡೆ. ಹೆರಿಗೆ, ತಾಯಿಯ ಮನೆಯಲ್ಲಿ ಬಾಣಂತನ ಎಂದು ಬರೆದೆ. ಎಷ್ಟು ಕಾಲ ಎಂದು ಕೇಳಿದ್ದಕ್ಕೆ ಸುಮಾ ಐದು ತಿಂಗಳು ಎಂದಳು, ಹಾಗೇ ಬರೆದೆ. ಜೊತೆಗೆ ಬರುವವರು ಎಂಬಲ್ಲಿ ಮೀರಾಳ ಹೆಸರು ಹಾಕಿ ಮುಂದಕ್ಕೆ ಹೋಗುತ್ತಿದ್ದೆ. ಲ್ಯೂಕ್ ಕೈ ಒರೆಸಿಕೊಂಡು ಬಂದು ನನ್ನ ಹೆಗಲ ಮೇಲಿಂದ ಬಗ್ಗಿ, ಆ ಖಾಲಿ ಸಾಲನ್ನು ಬೆರಳಿಟ್ಟು ತೋರಿಸಿದ.

"ಇಲ್ಲಿ ನನ್ನ ಹೆಸರು ಬರೆಯಿರಿ," ಎಂದ. "ಐದು ತಿಂಗಳೂ."